ಮೂರನೇ ಟೇಕ್‌ನಲ್ಲಿ ಅತ್ತುಬಿಟ್ಟೆ. ಅದನ್ನೇ ಇಡಬೇಕಾ?

ಪಡುಬಿದ್ರಿ ಟೈಲರಕ್ಕ

ನಮಸ್ಕಾರ. ನಾನು ಹಾಡುಗಾರ್ತಿ ಅಲ್ಲ. ಪಡುಬಿದ್ರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟು 24 ವರ್ಷ ಆಯಿತು. ಶನಿವಾರ ಭಜನೆಯಲ್ಲಿ ತಾಳ ಹಾಕಿ ಹಾಡುವುದು ಬಿಟ್ಟರೆ ಬೇರೆ ಅಭ್ಯಾಸ ಇಲ್ಲ. ಈಗ ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ಹೇಳಿ.

ಅಮ್ಮ ಹೋಗಿ ಈ ಆಟಿ ತಿಂಗಳಿಗೆ ಒಂದು ವರ್ಷ. ಅವಳು ಪಾಡ್ದನ, ಅಂದರೆ ತುಳುವಿನ ಕಥೆ ಹಾಡು, ಹೇಳುತ್ತಿದ್ದಳು. ಕಲಿತದ್ದು ಗದ್ದೆಯಲ್ಲಿ, ನೇಜಿ ನೆಡುವಾಗ. ಆಮೇಲೆ ಗದ್ದೆ ಹೋಯಿತು, ಬೀಡಿ ಬಂತು. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಾ ಅದನ್ನೇ ಹೇಳುತ್ತಿದ್ದಳು. ಅವಳ ಸ್ವರ ಎಲ್ಲೂ ಉಳಿದಿಲ್ಲ. ಮಗಳ ಫೋನಿನಲ್ಲಿ 40 ಸೆಕೆಂಡಿನ ಒಂದು ವಿಡಿಯೋ ಉಂಟು, ಅದರಲ್ಲಿ ಹಿಂದೆ ಮಿಕ್ಸಿ ತಿರುಗುತ್ತಿದೆ. ಅಮ್ಮನಿಗಿಂತ ಮಿಕ್ಸಿಯೇ ಜಾಸ್ತಿ ಕೇಳುತ್ತದೆ. "ನಿಮಗೆ ಇಡೀ ಪಾಡ್ದನ ಬಾಯಿಗೆ ಬರುತ್ತದಲ್ವಾ, ನೀವೇ ರೆಕಾರ್ಡ್ ಮಾಡಿ" ಎಂದು ಮಗಳು ಹಟ ಹಿಡಿದಳು.

ಸ್ಟುಡಿಯೋ ಇರುವುದು ಮಂಗಳೂರಿನ ಬಿಜೈ ಕಡೆ, ಒಂದು ಮನೆಯ ಮಹಡಿಯಲ್ಲಿ. ನಡೆಸುವವನು ನನ್ನ ಮಗಳ ಪ್ರಾಯದ ಹುಡುಗ. ಒಳ್ಳೆಯವನು, ದೂರುವುದಕ್ಕೆ ಬರೆಯುತ್ತಿರುವುದಲ್ಲ. ಒಳಗೆ ಹೋದ ಕೂಡಲೇ "ಆಂಟಿ, ಬಳೆ ತೆಗೀಬೇಕು" ಎಂದ. ಕೈ ಆಡಿಸಿದರೆ ಮೈಕಿಗೆ ಕೇಳುತ್ತದಂತೆ. ತೆಗೆದು ಪರ್ಸಿಗೆ ಹಾಕಿದೆ. ಕರಿಮಣಿಯನ್ನು ಸೆರಗಿನೊಳಗೆ ಸೇರಿಸಿ ಪಿನ್ ಹಾಕಿದೆ. ಗಂಜಿ ಹಾಕಿದ ಸೀರೆ, ಅದೂ ಸರಸರ ಅನ್ನುತ್ತದೆ ಎಂದ. ಅದನ್ನು ಬಿಚ್ಚಿಡಲಿಕ್ಕಾಗುತ್ತದಾ? ಕಂಬದ ಹಾಗೆ ನಿಂತೆ. ಆಮೇಲೆ ಏಸಿ ಆಫ್. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆ, ನಮ್ಮೂರಿನ ಸೆಖೆ ನಿಮಗೆ ಗೊತ್ತೇ ಇದೆ. ಮೈಕಿನ ಎದುರು ಕಸೂತಿ ರಿಂಗಿಗೆ ನೈಲಾನ್ ಬಟ್ಟೆ ಬಿಗಿದ ಹಾಗೆ ಒಂದು ಸಾಮಾನು. ಕಿವಿಗೆ ಹೆಡ್‌ಫೋನ್. ಅದರಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು, ಯಾರೋ ಬೇರೆಯವರು ಹಿಂದೆ ನಿಂತು ಉಸಿರಾಡುತ್ತಿದ್ದಾರೆ ಅನ್ನುವ ಹಾಗೆ.

ಮೊದಲ ಟೇಕ್ ಒಂದೂ ತಪ್ಪಿಲ್ಲದೆ ಬಂತು. ಕೇಳಿದರೆ ರೇಷನ್ ಚೀಟಿ ಓದಿದ ಹಾಗಿತ್ತು. "ಸ್ವಲ್ಪ ಫೀಲ್ ಹಾಕಿ ಆಂಟಿ" ಎಂದ. ಎರಡನೆಯದರಲ್ಲಿ ಹಾಕಿದೆ. ಅದು ಸೀರಿಯಲ್ಲಿನ ಅತ್ತೆಯ ಹಾಗಾಯಿತು. ಮಗಳೇ ಗಾಜಿನ ಆಚೆಯಿಂದ ಬೇಡ ಬೇಡ ಎಂದು ಕೈ ಮಾಡಿದಳು.

ಮೂರನೆಯದು ಹೇಳುತ್ತೇನೆ. ಅಮ್ಮ ಹೇಳುತ್ತಿದ್ದ ಪಾಡ್ದನದಲ್ಲಿ ಒಂದು ಕಡೆ ಮಗಳು ಗಂಡನ ಮನೆಗೆ ಹೊರಡುತ್ತಾಳೆ. ತೋಟದ ಸಂಕ (ತೋಡಿನ ಮೇಲಿನ ಸಣ್ಣ ಸೇತುವೆ) ದಾಟುವಾಗ ಹಿಂದೆ ತಿರುಗುತ್ತಾಳೆ. ತಾಯಿ ಅಂಗಳದಿಂದಲೇ, ತಿರುಗಿ ನೋಡಬೇಡ ಬಾಲೆ, ಕಾಲು ಜಾರೀತು ಅನ್ನುತ್ತಾಳೆ. ಅಷ್ಟೇ. ಅಮ್ಮ ಆ ಸಾಲು ಬರುವಾಗ ಬೀಡಿಯ ನೂಲು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುತ್ತಿದ್ದಳು, ಕತ್ತರಿ ಪಕ್ಕದಲ್ಲೇ ಇದ್ದರೂ. ಅದು ಎಲ್ಲಿಂದ ನೆನಪಾಯಿತೋ. "ಕಾಲು" ಅನ್ನುವಲ್ಲಿ ಗಂಟಲು ಮುಚ್ಚಿಹೋಯಿತು. ಹುಡುಗ ನಿಲ್ಲಿಸಲಿಲ್ಲ. ಮುಕ್ಕಾಲು ನಿಮಿಷ ಬರೀ ನನ್ನ ಮೂಗು, ಉಸಿರು. ಆಮೇಲೆ ಹೇಗೋ ಮುಂದುವರಿಸಿದೆ, ಶ್ರುತಿ ಕೆಳಗೆ ಇಳಿದಿತ್ತು. ಮುಗಿಸಿ ಹೊರಗೆ ಬಂದರೆ ಮಗಳೂ ಅಳುತ್ತಿದ್ದಳು, ಹುಡುಗ ಕನ್ನಡಕ ಒರೆಸುತ್ತಿದ್ದ.

ನಾಲ್ಕನೇ ಟೇಕ್ ನೀರು ಕುಡಿದು ಹೇಳಿದ್ದು. ಚಂದ ಬಂದಿದೆ, ಆದರೆ ತಣ್ಣಗಿದೆ.

ಈಗ ಹುಡುಗ ಹೇಳುವುದು, ನಾಲ್ಕನೆಯದನ್ನು ಇಟ್ಟು ಆ ಸಂಕದ ಸಾಲು ಮಾತ್ರ ಮೂರನೆಯದರಿಂದ ತೆಗೆದು ಸೇರಿಸುವ ಎಂದು. ನಾನು ದಿನಾ ಜೋಡಿಸುವವಳೇ. ಆದರೆ ಅಳುವನ್ನು ತೇಪೆ ಹಾಕುವುದು ಅಂದರೆ ಎಂಥದೋ ಆಗುತ್ತದೆ. ಮಗಳು ಮೂರನೆಯದೇ ಇರಲಿ, ಯೂಟ್ಯೂಬಿಗೆ ಹಾಕುವ ಅನ್ನುತ್ತಾಳೆ. ನನ್ನ ತಮ್ಮ ಮುಂಬೈಯಿಂದ ಫೋನ್ ಮಾಡಿ, "ಅಕ್ಕ, ಮನೆಯ ಅಳು ಊರಿಗೆ ಯಾಕೆ?" ಎಂದ. ನನಗೂ ನಾಚಿಕೆ ಆಗುತ್ತದೆ. ಎಂತ ಮಾಡುವುದು? ಅಳದೆಯೂ ತಣ್ಣಗಾಗದ ಹಾಗೆ ಹಾಡಲಿಕ್ಕೆ ಆಗುತ್ತದಾ?

---

ಫೇಡರ್ ಮಾಮ

ಅಕ್ಕ, ನಾನು ಕ್ಯಾಸೆಟ್ ಕಾಲದಿಂದ ಮಂಗಳೂರಿನಲ್ಲಿ ಇದೇ ಕೆಲಸ ಮಾಡಿದವ. ಮೊದಲು ಒಂದು ಮಾತು, ಆ ಹುಡುಗ ನಿಲ್ಲಿಸದೆ ಬಿಟ್ಟನಲ್ಲ, ಅವನ ಕೈ ಒಳ್ಳೆಯದು. ನಮ್ಮ ಕಾಲದಲ್ಲಿ ಟೇಪು ದುಬಾರಿ, ಯಾರಾದರೂ ಅತ್ತರೆ ಮೊದಲು ಸ್ಟಾಪ್ ಒತ್ತುತ್ತಿದ್ದೆವು.

ಸ್ಟುಡಿಯೋದಲ್ಲಿ ಸ್ವರ ಒಣಗುವುದು ನಿಮ್ಮೊಬ್ಬರ ಕಥೆ ಅಲ್ಲ. 30 ವರ್ಷ ಸ್ಟೇಜಿನಲ್ಲಿ ಹಾಡಿದವರೂ ಕದ್ರಿ ಗುಡ್ಡೆಯ ಆಕಾಶವಾಣಿಯಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ನೀರು ಕೇಳುತ್ತಿದ್ದರು. ಎದುರಿಗೆ ಜನ ಇಲ್ಲ. ಸ್ವರ ಗೋಡೆಗೆ ಬಡಿದು ವಾಪಸು ಬರುವುದಿಲ್ಲ, ಸ್ಪಂಜು ಕುಡಿದುಬಿಡುತ್ತದೆ. ಮೇಲಿಂದ ಹೆಡ್‌ಫೋನ್. ಅದರಲ್ಲಿ ನಿಮ್ಮ ಸ್ವರ ಜೋರಾಗಿದ್ದರೆ ನಿಮಗೆ ಗೊತ್ತಿಲ್ಲದೆಯೇ ಸಣ್ಣಗೆ ಹಾಡುತ್ತೀರಿ. ಒಂದು ಕಿವಿಯದ್ದನ್ನು ಸರಿಸಿ ಹಾಡಿ ನೋಡಿ. ಹೆಡ್‌ಫೋನಿಗೆ ಮಾತ್ರ ಸ್ವಲ್ಪ ರಿವರ್ಬ್ (ಮಾರ್ದನಿ) ಕೊಡು ಅಂತ ಹುಡುಗನಿಗೆ ಹೇಳಿ. ರೆಕಾರ್ಡಿಂಗಿಗೆ ಅದು ಹೋಗುವುದಿಲ್ಲ, ನಿಮಗೆ ಮಾತ್ರ ದೇವಸ್ಥಾನದ ಅಂಗಳದಲ್ಲಿ ಹಾಡಿದ ಹಾಗೆ ಕೇಳುತ್ತದೆ.

ಇನ್ನು ಮೈಕ್. ಮೈಕಿನ ಎದುರು ಯಾವ ಭಾವನೆಯೂ ಕೊನೆಗೆ ದೂರದ ಲೆಕ್ಕವೇ. ಒಂದು ಗೇಣು ದೂರ ನಿಂತರೆ ಹಾಡು ಕೇಳುತ್ತದೆ. ನಾಲ್ಕು ಬೆರಳು ಹತ್ತಿರ ಹೋದರೆ ಎಂಜಲು ನುಂಗುವುದೂ ಕೇಳುತ್ತದೆ, ಸ್ವರ ದಪ್ಪವೂ ಆಗುತ್ತದೆ. ಅಮ್ಮನನ್ನು ಸುಟ್ಟು ಬಂದ ದಿನ ಪಕ್ಕದಲ್ಲಿ ಕೂತವರಿಗೂ ಕೇಳಿಸದ ಅಳು ಆ ಮೈಕಿಗೆ ಕೇಳಿಸುತ್ತದೆ. ನಿಮಗೆ ನಾಚಿಕೆ ಆಗುವುದು ಅದಕ್ಕೇ ಇರಬೇಕು.

ಮೊದಲು ಹೀಗಿರಲಿಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಹಾಡುಗಾರ್ತಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ಮೈಕೇ ಇಲ್ಲ. ಒಂದು ದೊಡ್ಡ ಕೊಳವೆಯೊಳಗೆ ಕೂಗಬೇಕು, ಎಲ್ಲ ಮೂರು ನಿಮಿಷದೊಳಗೆ ಮುಗಿಯಬೇಕು. ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟ್ ಅಚ್ಚಾಗುವುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಲ್ವಾ. ಅಂಥದರಲ್ಲಿ ಪಿಸುಗುಟ್ಟುವ ದುಃಖಕ್ಕೆ ಎಲ್ಲಿ ಜಾಗ?

ದೂರವನ್ನೇ ಆಟ ಮಾಡಿದವರೂ ಉಂಟು. 1977ರಲ್ಲಿ ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಇಂಗ್ಲಿಷ್ ಹಾಡುಗಾರ ಡೇವಿಡ್ ಬೋವಿಗೆ ರೆಕಾರ್ಡಿಂಗ್ ಮಾಡಿಸುತ್ತಿದ್ದ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟ. ಒಂದು ಬಾಯಿಯಿಂದ ಸುಮಾರು ಗೇಣು ದೂರ, ಇನ್ನೊಂದು 20 ಅಡಿ, ಮತ್ತೊಂದು 50 ಅಡಿ. ದೂರದ ಮೈಕ್‌ಗಳು ಸ್ವರ ಏರಿದಾಗ ಮಾತ್ರ ತೆರೆಯುತ್ತಿದ್ದವು. ಸಣ್ಣಗೆ ಹಾಡಿದರೆ ಹತ್ತಿರದ್ದು ಮಾತ್ರ, ಕಿರುಚಿದರೆ ಇಡೀ ಹಾಲ್. ನಿಮಗೆ ಅದೆಲ್ಲ ಬೇಡ. ಮೈಕನ್ನು ಇನ್ನೊಂದು ಅರ್ಧ ಗೇಣು ಹಿಂದೆ ಇಡಿಸಿ, ಸಾಕು.

ತೇಪೆಯ ವಿಷಯ: ಎಲ್ಲರೂ ಮಾಡುತ್ತಾರೆ, ಪಾಪ ಏನಿಲ್ಲ. ಆದರೆ ಮೂರನೆಯದರಲ್ಲಿ ಅಳು ಶುರುವಾದದ್ದು "ಕಾಲು" ಅನ್ನುವಲ್ಲಿ ಅಲ್ಲ. ಕೇಳದೆಯೇ ಹೇಳುತ್ತೇನೆ, ಅದಕ್ಕೆ ನಾಲ್ಕು ಸಾಲು ಮೊದಲೇ ನಿಮ್ಮ ಉಸಿರು ಬದಲಾಗಿರುತ್ತದೆ. ಆ ನಾಲ್ಕು ಸಾಲು ಬಿಟ್ಟು ಅಳು ಮಾತ್ರ ಹೊಲಿದರೆ, ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾಟನ್ನಿಗೆ ಜಾರ್ಜೆಟ್ ಸೇರಿಸಿದ ಹಾಗೆ.

---

ಸುರತ್ಕಲ್ ಬಾಯ್

ಮೂರನೇದಕ್ಕೆ ಆಟೋಟ್ಯೂನ್ ಹಾಕಿಸಿ ಅಕ್ಕ, ಶ್ರುತಿ ತಿದ್ದುವ ಸಾಫ್ಟ್‌ವೇರ್. ಶ್ರುತಿ ಸರಿ ಆಗ್ತದೆ, ಅಳುವೂ ಇರ್ತದೆ.

ಫೇಡರ್ ಮಾಮ

ಬೇಡ ಮಾರಾಯ. ಪಾಡ್ದನದಲ್ಲಿ ಸ್ವರ ಜಾರಿಕೊಂಡು ಹೋಗುವುದು. ಅದನ್ನು ಹಾರ್ಮೋನಿಯಂ ಮನೆಗಳಿಗೆ ಎಳೆದು ಕೂರಿಸಿದರೆ ಅಮ್ಮನೂ ಇಲ್ಲ, ಮಗಳೂ ಇಲ್ಲ.

---

ಮದ್ದಳೆ ಭಟ್ರು

ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ ಅಕ್ಕ. ಹಾಡುವವರು ಅಳಬಾರದು.

ನಾನು ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ ಮದ್ದಳೆಗೆ ಕೂತು ಅರ್ಧ ಆಯುಷ್ಯ ಕಳೆದೆ. ಬೆಳಗಿನ ಜಾವ ಮೂರೂವರೆಗೆ ಶೋಕದ ಪದ್ಯ. ಮಗ ಸತ್ತು ತಾಯಿ ಗೋಳಿಡುವ ಸಂದರ್ಭ. ಪದ್ಯ ಹಾಡುವ ನಮ್ಮ ಭಾಗವತರು ಕಪ್ಪು ಮೂರರಲ್ಲಿ, ಹಾರ್ಮೋನಿಯಂನ ಮೂರನೇ ಕಪ್ಪು ಮನೆಯ ಶ್ರುತಿಯಲ್ಲಿ, ಎತ್ತಿ ಹಿಡಿದು ಎಳೆದರೆ ಮುಂದೆ ಕೂತ ಹೆಂಗಸರು ಸೆರಗು ಕಣ್ಣಿಗೆ ಒತ್ತುತ್ತಿದ್ದರು. ಅದೇ ಹೊತ್ತಿಗೆ ಭಾಗವತರು ಎಡಗೈಯಲ್ಲಿ ಚೌಕಿಯ (ಬಣ್ಣದ ಕೋಣೆಯ) ಹುಡುಗನಿಗೆ ಸನ್ನೆ ಮಾಡುತ್ತಿದ್ದರು. ಏನು ಗೊತ್ತಾ? ಚಹಾಕ್ಕೆ ಸಕ್ಕರೆ ಕಡಿಮೆ ಹಾಕು ಅಂತ! ಪಕ್ಕದಲ್ಲಿ ಕೂತ ನನಗೆ ನಗು ತಡೆಯುವುದೇ ಕಷ್ಟ. ಅವರಿಗೆ ಭಾವನೆ ಇರಲಿಲ್ಲ ಅನ್ನಬೇಡಿ. ಇತ್ತು, ಕೈಕೆಲಸದ ಒಳಗೆ ಇತ್ತು. ಎಲ್ಲಿ ಉಸಿರು ಬಿಡಬೇಕು, ಯಾವ ಅಕ್ಷರಕ್ಕೆ ಎಷ್ಟು ಭಾರ ಹಾಕಬೇಕು, ಅದೆಲ್ಲ ಲೆಕ್ಕ. ಅವರೂ ಅತ್ತರೆ ತಾಳ ಹಿಡಿಯುವವರು ಯಾರು? ಅಳುವುದಕ್ಕೆ ವೇಷ ಹಾಕಿದವರಿದ್ದಾರೆ, ಪ್ರೇಕ್ಷಕರಿದ್ದಾರೆ.

ಸಿನಿಮಾದವರನ್ನೇ ನೋಡಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ 1981ರಲ್ಲಿ ಒಂದೇ ದಿನ 21 ಕನ್ನಡ ಹಾಡು ರೆಕಾರ್ಡ್ ಮಾಡಿದರು. ಒಂದೊಂದಕ್ಕೂ ಅತ್ತು ನಕ್ಕು ಮಾಡಿದ್ದರೆ ಮಧ್ಯಾಹ್ನದೊಳಗೆ ಡ್ರಿಪ್ ಹಾಕಬೇಕಿತ್ತು.

ನಾಲ್ಕನೆಯದನ್ನೇ ಇನ್ನೊಮ್ಮೆ ಹಾಡಿ. ಮೂರನೆಯದು ಮನೆಯಲ್ಲಿರಲಿ.

ಫೇಡರ್ ಮಾಮ

ಭಟ್ರೇ, ಒಪ್ಪಿದೆ, ಅರ್ಧ ಮಾತ್ರ. ನಿಮ್ಮ ಭಾಗವತರು ರಾತ್ರಿ ರಾತ್ರಿ ಅದೇ ಪದ್ಯ ಹೇಳಿ ಪಳಗಿದವರು. ಈ ಅಕ್ಕ ತನ್ನ ಅಮ್ಮನ ಪದ್ಯವನ್ನು ಅಮ್ಮ ಇಲ್ಲದ ಮೇಲೆ ಮೊದಲ ಸಲ ಹೇಳುತ್ತಿದ್ದಾರೆ.

---

ಸ್ವರಪೆಟ್ಟಿಗೆ

ನಾನು ಮಣಿಪಾಲದಲ್ಲಿ ಸ್ಪೀಚ್ ಥೆರಪಿ ಕೆಲಸ ಮಾಡುತ್ತೇನೆ. ಗಂಟಲು ಮುಚ್ಚಿಹೋಯಿತು ಎಂದಿರಲ್ಲ, ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ನಿಜವಾಗಿ ಅಲ್ಲಿ ಆಗುವುದು ಎಳೆದಾಟ. ದುಃಖ ಉಕ್ಕಿದಾಗ ದೇಹಕ್ಕೆ ಜಾಸ್ತಿ ಗಾಳಿ ಬೇಕು, ಸ್ವರತಂತುಗಳ ಬಾಗಿಲು ತೆರೆಯಲು ನೋಡುತ್ತದೆ. ಬಾಯಲ್ಲಿ ಬಂದ ಎಂಜಲು ನುಂಗಲು ಅದೇ ಬಾಗಿಲು ಮುಚ್ಚಬೇಕು. ಹಾಡಲಿಕ್ಕೂ ಎರಡೂ ತಂತು ಹತ್ತಿರ ಬಂದು ಅದುರಬೇಕು. ಹೆಂಗಸರ ಸಾಮಾನ್ಯ ಮಾತಿನಲ್ಲೇ ಅವು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವೆ. ಒಂದೇ ಬಾಗಿಲನ್ನು ತೆರೆ ಅಂತಲೂ ಮುಚ್ಚು ಅಂತಲೂ ಎಳೆದರೆ ಗಂಟಲಲ್ಲಿ ಉಂಡೆ ಸಿಕ್ಕಿದ ಹಾಗಾಗುತ್ತದೆ. ಜೊತೆಗೆ ಧ್ವನಿಪೆಟ್ಟಿಗೆಯೇ ಮೇಲಕ್ಕೆ ಏರುತ್ತದೆ, ಮೂಗು ಊದಿಕೊಳ್ಳುತ್ತದೆ. ಶ್ರುತಿ ಅಲುಗಾಡುವುದರಲ್ಲಿ ಆಶ್ಚರ್ಯ ಇಲ್ಲ.

ನೀವು ಅತ್ತ ಕೂಡಲೇ ನೀರು ಕುಡಿದು ನಾಲ್ಕನೆಯದು ಹೇಳಿದಿರಿ. ಅದು ಬೇಡವಿತ್ತು. ಗಂಟಲು ಇನ್ನೂ ಬಿಗಿಯಾಗಿಯೇ ಇರುತ್ತದೆ, ಅದನ್ನು ಹಿಡಿದಿಟ್ಟುಕೊಂಡು ಹಾಡಿದ್ದರಿಂದ ತಣ್ಣಗೆ ಕೇಳಿಸಿರಬಹುದು. ಮುಂದಿನ ಸಲ ಅಂಥ ಟೇಕ್ ಆದ ಮೇಲೆ ಹೊರಗೆ ಬಂದು ಕೂತುಕೊಳ್ಳಿ. ಉಸಿರನ್ನು ಉದ್ದಕ್ಕೆ, ನಿಧಾನವಾಗಿ ಬಿಡಿ. ಬಾಯಿ ಮುಚ್ಚಿ ಮ್ಮ್ ಅಂತ ಗುನುಗಿ. ಬಿಸಿನೀರು ಗುಟುಕು ಗುಟುಕಾಗಿ. ಅರ್ಧ ಗಂಟೆ ಬಿಟ್ಟು ಒಳಗೆ ಹೋಗಿ.

---

ಉಜಿರೆ ಕಡೆಯವಳು

ಅಕ್ಕ, ನೀವು ಪಾಡ್ದನವನ್ನು ಒಬ್ಬರೇ ಹೇಳಿದ್ದು ಯಾಕೆ?

ನೇಜಿ ಗದ್ದೆಯಲ್ಲಿ ಒಬ್ಬಳು ಸಾಲು ಹೇಳಿದರೆ ಉಳಿದವರು ಎತ್ತಿ ಹಿಡಿಯುತ್ತಾರಲ್ವಾ. ನನ್ನ ದೊಡ್ಡಮ್ಮ ಹೇಳುತ್ತಿದ್ದರು, ಹೇಳುವವಳಿಗೆ ದುಃಖ ಬಂದರೆ "ಡೆನ್ನ ಡೆನ್ನಾನ" ಉಳಿದವರ ಬಾಯಲ್ಲಿ ಇರುತ್ತದೆ, ಅಷ್ಟರಲ್ಲಿ ಮೂಗು ಒರೆಸಿಕೊಂಡು ಮುಂದಿನ ಸಾಲಿಗೆ ಬರಬಹುದು ಅಂತ. ಬಗ್ಗಿದ ಬೆನ್ನು, ಕೆಸರಿನಲ್ಲಿ ಕೈ. ಯಾರ ಮುಖ ಯಾರಿಗೂ ಕಾಣುವುದಿಲ್ಲ. ಅಳಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನನಗೆ ಕಾಣುತ್ತದೆ.

ನಮ್ಮ ಕಡೆ ಪಾಡ್ದನ ಹೇಳುವ ಮಾಚಾರಿನ ಗೋಪಾಲ ನಾಯ್ಕರು ಇದ್ದರು. 1990ರ ಡಿಸೆಂಬರಿನಲ್ಲಿ ಜಾನಪದ ವಿದ್ವಾಂಸರಾದ ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಸೇರಿ ಅವರಿಂದ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿಸಿ ರೆಕಾರ್ಡ್ ಮಾಡಿಕೊಂಡರು. 15,683 ಸಾಲು. ಸ್ಪಂಜಿನ ಕೋಣೆಯಲ್ಲಿ ಆದದ್ದಲ್ಲ, ಊರಿಗೇ ಬಂದು ಮಾಡಿಕೊಂಡದ್ದು. ಅಷ್ಟುದ್ದದ ಹಾಡಿನಲ್ಲಿ ಯಾವುದು ಸರಿಯಾದ ಟೇಕ್ ಅಂತ ಯಾರು ಹೇಳುತ್ತಾರೆ? ನಿಮ್ಮ ಅಮ್ಮನೂ ದಿನಕ್ಕೊಂದು ಥರ ಹೇಳಿರುತ್ತಾರೆ, ನೆನಪು ಮಾಡಿ ನೋಡಿ.

ಮೂರು ಬೇಡ, ನಾಲ್ಕೂ ಬೇಡ. ಮಗಳನ್ನು ಎದುರಿಗೆ ಕೂರಿಸಿಕೊಂಡು ಐದನೆಯದು ಹೇಳಿ.

---

ಪಡುಬಿದ್ರಿ ಟೈಲರಕ್ಕ

ಎಲ್ಲರಿಗೂ ಉತ್ತರ ಬರೆಯಲು ಹತ್ತು ದಿನ ಆಯಿತು. ಅಷ್ಟಮಿ, ಚೌತಿ ಅಂತ ಬ್ಲೌಸ್ ಆರ್ಡರ್ ರಾಶಿ ಬಿದ್ದಿತ್ತು.

ಭಟ್ರೇ, ಬೇಸರ ಏನಿಲ್ಲ. ಚಹಾದ ಕಥೆ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಆದರೆ ನನಗೆ ಆ ಲೆಕ್ಕ ಬರುವುದಿಲ್ಲ. ಉಜಿರೆಯ ತಂಗಿಯ ಮಾತು ಮನಸ್ಸಿನಲ್ಲಿ ಕೂತಿತು. ಅಮ್ಮನಿಗೂ ಒಬ್ಬಳು ಜೊತೆಗಾರ್ತಿ ಇದ್ದಳು, ಪಕ್ಕದ ಮನೆಯ ಬಾಯಮ್ಮ, ಅವಳೂ ಬೀಡಿ ಕಟ್ಟುವವಳು. ಪದ್ಯ ಪೂರ್ತಿ ಬರುತ್ತಿರಲಿಲ್ಲ, "ಡೆನ್ನ ಡೆನ್ನಾನ" ಅನ್ನುವ ಸೊಲ್ಲು ಮಾತ್ರ ಎತ್ತುತ್ತಿದ್ದಳು. ಅವಳನ್ನು ನಾನು ಮರೆತೇಬಿಟ್ಟಿದ್ದೆ.

ಮೊನ್ನೆ ಗುರುವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮತ್ತೆ ಹೋದೆವು. ಮನೆಯಿಂದ ಎರಡು ಮಣೆ, ಅಮ್ಮನ ತಡ್ಪೆ ತೆಗೆದುಕೊಂಡು ಹೋದೆ. ಕಂಡಕ್ಟರ್ "ತಡ್ಪೆಗೆ ಟಿಕೆಟ್ ಉಂಟಾ ಅಕ್ಕ?" ಎಂದು ನಗಾಡಿದ. ಹುಡುಗ ಪಾಪ, ಏನೂ ಹೇಳದೆ ಸ್ಟ್ಯಾಂಡ್ ಇಳಿಸಿ ಮೈಕನ್ನು ನೆಲದ ಮಟ್ಟಕ್ಕೆ ತಂದ. ಒಂದೂವರೆ ಗೇಣು ದೂರ ಇಡು ಎಂದೆ. "ಯಾರು ಹೇಳಿದ್ದು ಆಂಟಿ?" ಎಂದ. ನಮ್ಮ ಮಾಮ ಎಂದೆ. ಹೆಡ್‌ಫೋನ್ ಹಾಕಲೇ ಇಲ್ಲ. ಬಳೆ ತೆಗೆಯುವುದಿಲ್ಲ ಎಂದೆ. ಅದಕ್ಕೆ ಮಾತ್ರ ಅವನ ಮುಖ ಸಣ್ಣದಾಯಿತು.

ಬೀಡಿ ಎಲೆ ಇಲ್ಲ. ತಡ್ಪೆಯಲ್ಲಿ ಬಟ್ಟೆಯ ಚೂರುಗಳನ್ನು ಹಾಕಿಕೊಂಡಿದ್ದೆ, ಕೈಗೆ ಏನಾದರೂ ಬೇಕಲ್ಲ. ಅವುಗಳನ್ನು ಸುತ್ತುತ್ತಾ ಶುರು ಮಾಡಿದೆ. ಮಗಳು ಎದುರು ಕೂತು "ಡೆನ್ನ ಡೆನ್ನಾನ" ಎತ್ತಿದಳು. ಮೊದಲು ನಾಚಿಕೊಂಡು, ಆಮೇಲೆ ಸರಿಯಾಗಿ. ಸಂಕದ ಸಾಲು ಬರುತ್ತದೆ ಅಂತ ನನಗೆ ನಾಲ್ಕು ಸಾಲು ಮೊದಲೇ ಹೆದರಿಕೆ. ಫೇಡರ್ ಮಾಮ ಹೇಳಿದ್ದು ಸರಿ, ಉಸಿರು ಅಲ್ಲೇ ಬದಲಾಯಿತು. ಆದರೆ ಈ ಸಲ ಸೋತದ್ದು ಮಗಳು. "ತಿರುಗಿ ನೋಡಬೇಡ ಬಾಲೆ" ಅನ್ನುವಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆನಲ್ಲ. ಬರುವ ಜನವರಿಗೆ ಅವಳ ಮದುವೆ, ಅದನ್ನು ಇಲ್ಲಿ ಹೇಳಿರಲಿಲ್ಲ. ಅವಳ ಸೊಲ್ಲು ನಿಂತೇಹೋಯಿತು. ಇಬ್ಬರೂ ನಿಲ್ಲಿಸಿದರೆ ಕೆಟ್ಟಿತು ಅಂತ ಸಾಲನ್ನೂ ನಾನೇ ಹೇಳಿ ಸೊಲ್ಲನ್ನೂ ನಾನೇ ಎತ್ತಿದೆ. ಅಳಲಿಕ್ಕೆ ಪುರುಸೊತ್ತೇ ಸಿಗಲಿಲ್ಲ. ಮೂರು ಸೊಲ್ಲು ಆದ ಮೇಲೆ ಅವಳು ಮತ್ತೆ ಸೇರಿಕೊಂಡಳು, ಸ್ವಲ್ಪ ಮೇಲಿನ ಶ್ರುತಿಯಲ್ಲಿ. ಹಾಗೇ ಹೋಯಿತು. 19 ನಿಮಿಷ.

ಅದನ್ನೇ ಇಡುವುದು ಅಂತ ತೀರ್ಮಾನ ಆಗಿದೆ. ಮೂರನೆಯದನ್ನು ಪೆನ್‌ಡ್ರೈವಿಗೆ ಹಾಕಿಸಿ ಕಪಾಟಿನಲ್ಲಿ ಅಮ್ಮನ ಸೀರೆಯ ಜೊತೆ ಇಟ್ಟಿದ್ದೇನೆ. ತಮ್ಮನಿಗೆ ಮಾತ್ರ ಕಳಿಸಿದೆ. ಎರಡು ದಿನ ಅವನ ಫೋನ್ ಇಲ್ಲ.

ಈಗ ಒಂದೇ ಪ್ರಶ್ನೆ ಉಳಿದದ್ದು. ಬಳೆಯ ಸದ್ದು ಎಲ್ಲ ಕಡೆ ಇದೆ. ಸಾಫ್ಟ್‌ವೇರಿನಲ್ಲಿ ತೆಗೆಯಬಹುದು ಅನ್ನುತ್ತಾನೆ ಹುಡುಗ. ತೆಗೆಸಲಾ?

ಫೇಡರ್ ಮಾಮ

ಮುಟ್ಟಬೇಡಿ ಅಂತ ಹೇಳಿ. ತೆಗೆಯಲು ಹೋದರೆ ಸ್ವರದ ಮೇಲಿನ ಅಂಚೂ ಕತ್ತರಿಸಿ ಹೋಗುತ್ತದೆ. ಮತ್ತೆ, ವಾಟ್ಸಾಪಿನಲ್ಲಿ ಬಂದ ಎಂಪಿತ್ರೀ ಸಾಕು ಅಂತ ಸುಮ್ಮನಾಗಬೇಡಿ ಅಕ್ಕ. ಏನೂ ಕುಗ್ಗಿಸದ 24 ಬಿಟ್ ವೇವ್ ಫೈಲನ್ನೇ ಕೇಳಿ, ಎರಡು ಕಡೆ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ನಮ್ಮ ಮಳೆಗಾಲಕ್ಕೆ ಅದಕ್ಕೂ ಬೂಸ್ಟು ಹಿಡಿಯುತ್ತದೆ.